ಹಳೆಯ ಫ್ಲ್ಯಾಶ್, ಹೊಸ ಕ್ಯಾಮೆರಾ: ಜೋಡಿಸುವ ಮೊದಲು ಅಳೆಯಿರಿ

1970ರ ದಶಕದ ವಿವಿಟಾರ್ 283 ಫ್ಲ್ಯಾಶನ್ನು ಇಂದಿನ ಅನೇಕ ಡಿಜಿಟಲ್ ಕ್ಯಾಮೆರಾಗಳ ಹಾಟ್ ಶೂಗೆ ಸಲೀಸಾಗಿ ಸಿಕ್ಕಿಸಬಹುದು. ಪಾದ ಸರಿಯಾಗಿ ಕೂರುತ್ತದೆ, ಗುಂಡಿ ಒತ್ತಿದರೆ ಬೆಳಕೂ ಬರುತ್ತದೆ. ಆದರೆ ಆಕಾರ ಹೊಂದಿದ ಮಾತ್ರಕ್ಕೆ ವಿದ್ಯುತ್ತೂ ಹೊಂದಬೇಕೆಂದಿಲ್ಲ. ಆ ಒಂದು ಜೋಡಣೆ ಕ್ಯಾಮೆರಾವನ್ನೇ ಕೆಡಿಸಬಹುದು.

ಕಾರಣ ಫ್ಲ್ಯಾಶಿನ ಒಳಗಿದೆ. ನಾಲ್ಕು ಸೆಲ್‌ಗಳ 6 ವೋಲ್ಟನ್ನು ಅದು ಸುಮಾರು 300 ವೋಲ್ಟಿಗೆ ಏರಿಸಿ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿಡುತ್ತದೆ. ಆ ವೋಲ್ಟೇಜು ಕ್ಸೆನಾನ್ ಕೊಳವೆಯ ಎರಡು ತುದಿಗಳಿಗೂ ತಲುಪಿರುತ್ತದೆ. ಆದರೂ ಒಳಗಿನ ಅನಿಲ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಶಟರ್ ಪೂರ್ತಿ ತೆರೆದಾಗ ಕ್ಯಾಮೆರಾವು ಫ್ಲ್ಯಾಶಿನ ಪಾದದ ಎರಡು ಸಂಪರ್ಕಗಳನ್ನು ಕೂಡಿಸುತ್ತದೆ. ಆಗ ಸಣ್ಣದೊಂದು ಕೆಪಾಸಿಟರ್ ಟ್ರಿಗರ್ ಕಾಯಿಲ್‌ಗೆ ಬರಿದಾಗಿ, ಕ್ಷಣಕಾಲ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅನಿಲ ಅಯಾನೀಕರಣಗೊಂಡು, ದೊಡ್ಡ ಕೆಪಾಸಿಟರಿನ ಶಕ್ತಿಯೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲಿ ಬೆಳಕಾಗಿ ಸಿಡಿಯುತ್ತದೆ.

ಅನೇಕ ಹಳೆಯ ಫ್ಲ್ಯಾಶ್‌ಗಳಲ್ಲಿ ಆ ಸಣ್ಣ ಕೆಪಾಸಿಟರಿನ 200-300 ವೋಲ್ಟ್ ನೇರವಾಗಿ ಪಾದದ ಸಂಪರ್ಕಗಳಲ್ಲೇ ಇರುತ್ತದೆ. ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಇವನ್ನು ಕೂಡಿಸುತ್ತಿದ್ದುದು ಮನೆಯ ಗೋಡೆಯ ಸ್ವಿಚ್ಚಿನಂತೆ ಎರಡು ಲೋಹದ ತುಣುಕುಗಳು. ಅವಕ್ಕೆ ಇದು ಹೊರೆಯಲ್ಲ. ಇಂದಿನ ಕ್ಯಾಮೆರಾಗಳಲ್ಲಿ ಆ ಕೆಲಸ ಅರೆವಾಹಕದ್ದು. ತಾಳಿಕೆಯ ಮಿತಿ ಮೀರಿದರೆ ಅದು ಮೊದಲ ಸಲವೇ ಸುಡಬಹುದು, ಕೆಲವು ಸಲ ಸಹಿಸಿಕೊಂಡು ಆಮೇಲೆ ಕೈಕೊಡಲೂಬಹುದು. ಹಾಗಾಗಿ ಒಮ್ಮೆ ಮಿನುಗಿತೆಂದು ಧೈರ್ಯ ತಾಳುವಂತಿಲ್ಲ.

ಎಷ್ಟು ವೋಲ್ಟ್ ಸುರಕ್ಷಿತ? 1992ರ ಐಎಸ್‌ಒ 10330 ಮಾನಕ ಹಾಕಿದ ಗೆರೆ 24 ವೋಲ್ಟ್. ನಿಕಾನ್‌ನ ಅನೇಕ ಡಿಜಿಟಲ್ ಕ್ಯಾಮೆರಾಗಳ ಕೈಪಿಡಿಗಳು 250 ವೋಲ್ಟ್ ಮೀರಿದ ಅಥವಾ ಧ್ರುವ ತಿರುಗುಮುರುಗಾದ ಫ್ಲ್ಯಾಶ್ ಬೇಡ ಎನ್ನುತ್ತವೆ. ಇದಕ್ಕಿಂತ ಬಹಳ ಕಡಿಮೆ ಮಿತಿಯ ಕ್ಯಾಮೆರಾಗಳೂ ಇವೆ. ನಿಮ್ಮ ಮಾದರಿಯ ಮಿತಿ ಖಚಿತವಾಗಿ ತಿಳಿಯದಿದ್ದರೆ ಸಾಧ್ಯವಾದಷ್ಟು ಕಡಿಮೆ ವೋಲ್ಟಿನ ಫ್ಲ್ಯಾಶನ್ನೇ ಆರಿಸಿ. ಫ್ಲ್ಯಾಶಿನ ಹೆಸರು ನೋಡಿ ನಂಬುವಂತಿಲ್ಲ: ಜಪಾನಿನಲ್ಲಿ ತಯಾರಾದ ಮೊದಮೊದಲ 283ಗಳಲ್ಲಿ 200 ವೋಲ್ಟ್ ಮೀರುವುದುಂಟು, ಅದೇ ಹೆಸರಿನ ನಂತರದವುಗಳಲ್ಲಿ ಅದು ಬಹಳ ಕಡಿಮೆ.

ಅಳೆಯುವುದು ಸುಲಭ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬೇರೆ ಇಟ್ಟು, ಹೊಸ ಸೆಲ್ ಹಾಕಿ, ಸಿದ್ಧವಾದ ಸೂಚನೆಯ ದೀಪ ಹೊತ್ತಿದ ಮೇಲೂ ಒಂದೆರಡು ನಿಮಿಷ ಬಿಡಿ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟಿನ ದೊಡ್ಡ ವ್ಯಾಪ್ತಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪಾದದ ನಡುವಿನ ಬೊಟ್ಟಿಗೆ, ಕಪ್ಪು ಕಡ್ಡಿಯನ್ನು ಪಾದದ ಅಂಚಿನ ಲೋಹಕ್ಕೆ ಮುಟ್ಟಿಸಿ. ಬೆರಳು ಲೋಹಕ್ಕೆ ತಾಗದಿರಲಿ. ಮುಳ್ಳಿನ ಹಳೆಯ ಮೀಟರ್ ತಾನೇ ವಿದ್ಯುತ್ತು ಎಳೆದುಕೊಂಡು ನಿಜಕ್ಕಿಂತ ಕಡಿಮೆ ತೋರಿಸಬಹುದು. ಅಂಕಿಯ ಮುಂದೆ ಋಣ ಚಿಹ್ನೆ ಬಂದರೆ ಧ್ರುವ ತಿರುಗುಮುರುಗಾಗಿದೆ ಎಂದರ್ಥ.

ವೋಲ್ಟೇಜು ಹೆಚ್ಚಿದ್ದರೆ ಫ್ಲ್ಯಾಶನ್ನು ಎಸೆಯಬೇಕಿಲ್ಲ. ವೀನ್ ಸೇಫ್-ಸಿಂಕ್‌ನಂಥ ಸಾಧನ ನಡುವೆ ನಿಂತು ವೋಲ್ಟೇಜನ್ನು ತಗ್ಗಿಸುತ್ತದೆ. ಇನ್ನೊಂದು ಫ್ಲ್ಯಾಶಿನ ಬೆಳಕು ಕಂಡು ಚಾಲೂ ಆಗುವ ಸ್ಲೇವ್‌ಗೆ ಜೋಡಿಸಿದರೆ ಕ್ಯಾಮೆರಾದ ಸಂಪರ್ಕವೇ ಬೇಡ. ರೇಡಿಯೊ ಟ್ರಿಗರ್ ಬಳಸುವಾಗ ರಿಸೀವರಿನ ಮಿತಿ ನೋಡಿಕೊಳ್ಳಿ. ಇನ್ನು ಬೆಳಕಿನ ಪ್ರಮಾಣ: ಬೇರೆ ಕಂಪನಿಯ ಕ್ಯಾಮೆರಾದಲ್ಲಿ ಫ್ಲ್ಯಾಶಿನ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ತಾನೇ ಹೊಂದಿಸುವ ವ್ಯವಸ್ಥೆ) ನಡೆಯದು. ಮ್ಯಾನುಯಲ್‌ನಲ್ಲಿಟ್ಟು, ಫ್ಲ್ಯಾಶಿನ ಬಲ ಹೇಳುವ ಗೈಡ್ ನಂಬರನ್ನು ದೂರದಿಂದ ಭಾಗಿಸಿ ಅಪರ್ಚರ್ ಹೊಂದಿಸಿ. ಐಎಸ್‌ಒ 100ರಲ್ಲಿ, ಮೀಟರ್ ಲೆಕ್ಕದಲ್ಲಿ ಗೈಡ್ ನಂಬರ್ 32 ಇದ್ದು ವಸ್ತು 4 ಮೀಟರ್ ದೂರದಲ್ಲಿದ್ದರೆ ಎಫ್/8.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಆಕ್ಸೈಡ್ ಪದರ ಕ್ಷೀಣಿಸಿರುತ್ತದೆ. ಚಾರ್ಜ್ ಆದ ಸ್ಥಿತಿಯಲ್ಲೇ ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ ಕೆಲವು ಸಲ ಮಿನುಗಿಸಿ ಅದನ್ನು ಚೇತರಿಸಿಕೊಳ್ಳಲು ಬಿಡಿ. ಕವಚವನ್ನು ಮಾತ್ರ ಬಿಚ್ಚಬೇಡಿ: ಸೆಲ್ ತೆಗೆದ ಮೇಲೂ ಉಳಿದಿರುವ ವಿದ್ಯುತ್ತು ಪ್ರಾಣಕ್ಕೇ ಅಪಾಯ.

ಅಳೆದ ಅಂಕಿಯನ್ನು ಚೀಟಿಯಲ್ಲಿ ಬರೆದು ಫ್ಲ್ಯಾಶಿನ ಮೈಮೇಲೆಯೇ ಅಂಟಿಸಿ. ಮುಂದೆ ಅದು ಯಾರ ಕೈಗೆ ಹೋದರೂ ಅವರ ಕ್ಯಾಮೆರಾ ಉಳಿಯುತ್ತದೆ.