ಪಾವತಿ ಪುಸ್ತಕವನ್ನು ಕೆಳಗಿಡುವ ವೇಳೆ



ಕಳೆದ ವರ್ಷದ ಶ್ರಾವಣದಲ್ಲಿ ತಿಕೋಟಾದ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಕುಳಿತಿದ್ದೆನು. ಆ ಮನೆಯ ಹಿರಿಯ ಮಗನು ವಿಜಯಪುರ ನಗರದ ಒಂದು ಸೇವಾ ಸಂಸ್ಥೆಯಲ್ಲಿ ಉದ್ಯೋಗಿ. ಬಬಲೇಶ್ವರ, ತಿಕೋಟಾ ಭಾಗದ ಹಳ್ಳಿಗಳನ್ನು ಸುತ್ತಿ, ಬಡ ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ ವರ್ಗಣಿ ಕೂಡಿಸುವುದು ಅವನ ಕಾಯಕ. ಬೆಂಗಳೂರಿನ ಸಂಸ್ಥೆಯೊಂದು ಅದೇ ಕೆಲಸಕ್ಕೆ ಇಮ್ಮಡಿ ಸಂಬಳ ಕೊಡುವುದಾಗಿ ಕರೆದಿತ್ತು. "ಗುರುಗಳೇ, ಹೋಗಲೋ, ಇರಲೋ?" ಎಂದು ಕೇಳಿದನು. ತಾಯಿ ಹೋಗಲಿ ಎಂದರು. ತಂದೆಯವರು, "ಧರ್ಮದ ಕೆಲಸ ಬಿಟ್ಟ ಅಂತ ಮಂದಿ ಅಂದಾರು" ಎಂದು ತಲೆ ತಗ್ಗಿಸಿದರು.

ಈ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿದೆ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಅಂದಿನಿಂದ ದೇಣಿಗೆಯನ್ನು ಕೇಳಬಲ್ಲ, ಲೆಕ್ಕ ಒಪ್ಪಿಸಬಲ್ಲ ತರುಣರಿಗೆ ಬೇಡಿಕೆ ಹೆಚ್ಚಿದೆ. ಹೆಚ್ಚಿನ ಸಂಬಳವನ್ನು ಬಯಸುವುದು ದೋಷವಲ್ಲ. ಹೆಂಡಿರು ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ ದಾಸೋಹ ಮಾಡಬೇಕೆಂದು ಶರಣಧರ್ಮ ಹೇಳುವುದಿಲ್ಲ. ಹೋಗಬಹುದೇ ಎಂಬುದಕ್ಕಿಂತ ಯಾವಾಗ ಹೋಗಬೇಕೆಂಬುದೇ ಇಲ್ಲಿ ವಿಚಾರಣೀಯ.

ನಾನು ಅವನನ್ನು ಒಂದೇ ಮಾತು ಕೇಳಿದೆನು: "ತಮ್ಮಾ, ದಾನಿಗಳು ಕೊಡುವುದು ಯಾರನ್ನು ನೋಡಿ?" ಅವನು ಸ್ವಲ್ಪ ತಡೆದು, "ನನ್ನ ಮುಖ ನೋಡಿ ಕೊಡತಾರ್ರಿ" ಎಂದನು. ಹಾಗಾದರೆ ಅವನು ನಾಳೆಯೇ ಹೊರಟರೆ ಪ್ರಸಾದನಿಲಯದ ಮಕ್ಕಳ ತಾಟಿನ ಗತಿ ಏನು?

ಇದೇ ನಗರದಲ್ಲಿ ಬಾಳಿದ ಡಾ. ಫ.ಗು. ಹಳಕಟ್ಟಿಯವರನ್ನು ನೆನೆಯೋಣ. ವಕೀಲಿ ವೃತ್ತಿಗಾಗಿ ಅಂದಿನ ಬಿಜಾಪುರಕ್ಕೆ ಬಂದ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯಿಂದ ವಚನಸೇವೆಯವರೆಗಿನ ಈ ಪಯಣ ಒಂದು ದಿನದ ಆವೇಶವಲ್ಲ, ಎರಡು ದಶಕಗಳ ನಡೆ. 1964ರಲ್ಲಿ ಅವರು ಲಿಂಗೈಕ್ಯರಾದರು. ಸಂಸ್ಥೆ ಮಾತ್ರ ಬೆಳೆಯುತ್ತಲೇ ಬಂದಿತು. ಕಟ್ಟಿದವರ ಮುಖವನ್ನಷ್ಟೇ ನೆಚ್ಚಿದ ಸಂಸ್ಥೆ ಹೀಗೆ ಉಳಿಯದು.

ಆದುದರಿಂದ ಆ ತರುಣನಿಗೆ ನಾನು ಹೇಳಿದ್ದು ಇಷ್ಟು. ಮಾರ್ಚ್ 31ರ ವರ್ಷಾಂತ್ಯದವರೆಗೆ ನಿಲ್ಲು. ಪ್ರತಿಯೊಂದು ಪಾವತಿಯನ್ನೂ ಜಮಾ-ಖರ್ಚಿಗೆ ತಾಳೆ ಹಾಕಿ ಒಪ್ಪಿಸು. ನಿನ್ನ ಸ್ಥಾನಕ್ಕೆ ಬರುವವನನ್ನು ಪ್ರತಿ ದಾನಿಯ ಮನೆಗೂ ಕರೆದೊಯ್ದು ಪರಿಚಯಿಸು. ದಾನಿಗಳ ಹೆಸರಿನ ವಹಿ ಸಂಸ್ಥೆಯದು. ಅದರ ಪ್ರತಿಯೂ ನಿನ್ನ ಚೀಲದಲ್ಲಿ ಬೆಂಗಳೂರಿಗೆ ಹೋಗಬಾರದು. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಜನಿಸಿ 2023ರ ಜನವರಿ 2ರಂದು ಲಿಂಗೈಕ್ಯರಾದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಅಂಗಿಯನ್ನೇ ತೊಟ್ಟು ಬಾಳಿದರು. ಸಂಸಾರಿಗೆ ಜೇಬು ಬೇಕು. ಆದರೆ ಸಂಸ್ಥೆಗೂ ತನಗೂ ಒಂದೇ ಜೇಬು ಇರಲಾಗದು.

ಇದಕ್ಕೆ ಒಂದು ಅಪವಾದವುಂಟು. ಮಕ್ಕಳ ಅನ್ನಕ್ಕೆಂದು ಕೇಳಿ ತಂದ ಹಣ ಬೇರೆಡೆಗೆ ಹರಿಯುತ್ತಿದೆಯೆಂದು ಕಂಡುಬಂದು, ಹೇಳಿದರೂ ಹಿರಿಯರು ತಿದ್ದಿಕೊಳ್ಳದಿದ್ದರೆ ವರ್ಷಾಂತ್ಯಕ್ಕೆ ಕಾಯಬೇಕಾಗಿಲ್ಲ. ತನ್ನ ಕೈಯ ಲೆಕ್ಕವನ್ನು ಒಪ್ಪಿಸಿ ಅಂದೇ ಹೊರಡುವುದು ಧರ್ಮ.

ಬೆಂಗಳೂರಿನವರು ಏಪ್ರಿಲ್‌ವರೆಗೆ ಕಾಯಲು ಒಪ್ಪಿದರು. ಒಪ್ಪದಿದ್ದರೆ ಆ ಸಂಬಳ ಕೈತಪ್ಪುತ್ತಿತ್ತು. ಅದನ್ನು ಬಲ್ಲವನಾಗಿಯೇ ಅವನು ಕೇಳಿದ್ದನು. ಸುಗ್ಗಿಯಲ್ಲಿ ಹೊಸ ಜೋಳ ಬಂದಾಗ ಇಬ್ಬರೂ ತರುಣರು ಜೊತೆಯಾಗಿ ಬಬಲೇಶ್ವರದ ಕಡೆಯ ಹಳ್ಳಿಗಳನ್ನು ತಿರುಗಿದರು. ಒಬ್ಬ ಮುದುಕ ರೈತರು ಹೊಸಬನ ಕೈಗೆ ಜೋಳದ ಚೀಲವನ್ನಿತ್ತು, ಪಾವತಿ ಬರೆಯಿಸಿಕೊಂಡು, "ಮುಂದಿನ ವರ್ಷ ನೀನ ಬಾ" ಎಂದರಂತೆ. ಇದನ್ನು ಹೇಳುವಾಗ ಆ ತಂದೆಯವರು ತಲೆ ತಗ್ಗಿಸಿರಲಿಲ್ಲ.