ಹಿಂಭಾಗ ಕುಗ್ಗಿದ ಕಾರುಗಳ ಬೀದಿ: ಕುರುಬರಹಳ್ಳಿಯ ಗ್ಯಾರೇಜಿನಲ್ಲಿ ಒಂದು ಸುತ್ತು

ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣದಲ್ಲಿಳಿದು, ಮಹಾಲಕ್ಷ್ಮಿ ಲೇಔಟಿನ ಏರಿಳಿತಗಳನ್ನು ದಾಟಿ ನಡೆದರೆ ಕುರುಬರಹಳ್ಳಿ ಸಿಗುತ್ತದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ. ಊರು ಮಾತ್ರ ಯಾವತ್ತೋ ಬೆಂಗಳೂರಿನ ಹೊಟ್ಟೆ ಸೇರಿದೆ. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಈ ಭಾಗಕ್ಕೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹಿಂದೆ ಲೇತ್, ವೆಲ್ಡಿಂಗ್, ಟಿಂಕರಿಂಗ್ ಶೆಡ್ಡುಗಳು ಬಂದವು. ಮೂವತ್ತು-ನಲವತ್ತರ ನಿವೇಶನಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ನಡುವಿನ ಅಡ್ಡರಸ್ತೆಗಳಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು. ಇಂಥ ಒಂದು ಅಡ್ಡರಸ್ತೆಯ ಗ್ಯಾರೇಜಿಗೆ ನಾನು ಹೋದದ್ದು, ಹಳೆಯ ಕಾರಿನ ಹಿಂದಿನ ಸ್ಪ್ರಿಂಗ್ ಬದಲಿಸುವುದನ್ನು ನೋಡಲಿಕ್ಕೆ.

ಹಳೆಯ ಕಾರುಗಳು ಇಲ್ಲಿಗೇ ಏಕೆ ಬರುತ್ತವೆ ಅನ್ನುವುದಕ್ಕೆ ಕಾರಣವಿದೆ. ಕೆಎ-02, ಅಂದರೆ ಬೆಂಗಳೂರು ಪಶ್ಚಿಮದ ಆರ್‌ಟಿಒ, ರಾಜಾಜಿನಗರದ್ದು. ಖಾಸಗಿ ಕಾರಿಗೆ 15 ವರ್ಷ ತುಂಬಿತೆಂದರೆ ಗಾಡಿ ತೋರಿಸಿ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ ಅದೇ ಕೆಲಸ. 'ಎಫ್‌ಸಿ ಮಾಡಿಸ್ಬೇಕು' ಎಂದು ಗಾಡಿ ತಂದವರು ಬ್ರೇಕು, ಹೊಗೆ, ಲೈಟು ಎಲ್ಲ ಸರಿಮಾಡಿಸುತ್ತಾರೆ. ಹಿಂಭಾಗ ಕುಗ್ಗಿರುವುದನ್ನು ಮಾತ್ರ ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುತ್ತಾರೆ.

ಆವತ್ತು ಗ್ಯಾರೇಜಿನ ಮುಂದೆ ನಿಂತಿದ್ದದ್ದು ಒಂದು ಮಾರುತಿ ಝೆನ್. 1993ರಲ್ಲಿ ಬಂದು 2006ರವರೆಗೆ ತಯಾರಾದ ಮಾದರಿ. ಒಂದು ಕಾಲದಲ್ಲಿ ಕಾಲೇಜು ಹುಡುಗರ ಅಚ್ಚುಮೆಚ್ಚಿನ ಗಾಡಿ. ಈಗಿನ ಮಾಲೀಕರು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಅವರ ದೂರು ಸರಳ: ಮೊಮ್ಮಕ್ಕಳನ್ನು ಹಿಂದೆ ಕೂರಿಸಿದರೆ ಪ್ರತಿ ಹಂಪಿನಲ್ಲೂ 'ಧಡ್' ಅನ್ನುತ್ತದೆ.

"ಶಾಕ್ ಅಬ್ಸಾರ್ಬರ್ ಹೋಗಿರ್ಬೇಕು ಕಣಪ್ಪ, ಅದನ್ನೇ ಹಾಕ್ಬಿಡು" ಎಂದರು ಅವರು.

"ಮೊದ್ಲು ಅಳತೆ ನೋಡೋಣ ಬನ್ನಿ ಸಾರ್" ಎಂದ ಮೆಕ್ಯಾನಿಕ್.

ಅಳತೆಯೆಂದರೆ ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ, ಮಡ್ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯುವುದು. ಟೈರಿನ ಗಾಳಿ ಹೆಚ್ಚು ಕಡಿಮೆಯಿದ್ದರೂ ಈ ಅಳತೆ ಬದಲಾಗುವುದಿಲ್ಲ. ಡಿಕ್ಕಿ ಖಾಲಿಯಿರಬೇಕು, ಒಳಗೆ ಯಾರೂ ಕೂತಿರಬಾರದು, ನೆಲ ಸಮತಟ್ಟಾಗಿರಬೇಕು. ಕುರುಬರಹಳ್ಳಿಯಲ್ಲಿ ಕಷ್ಟವಿರುವುದೇ ಆ ಕೊನೆಯದಕ್ಕೆ! ರಸ್ತೆಯೆಲ್ಲ ರಾಜಕಾಲುವೆಯ ಕಡೆಗೆ ವಾಲಿದೆ. ಆದ್ದರಿಂದ ಈ ಗ್ಯಾರೇಜಿನವರು ಶೆಡ್ಡಿನೊಳಗೆ ನಾಲ್ಕು ಚಕ್ರ ನಿಲ್ಲುವಷ್ಟು ಜಾಗಕ್ಕೆ ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಹಿಡಿದು ಮಟ್ಟ ಮಾಡಿಸಿ ಕಾಂಕ್ರೀಟ್ ಹಾಕಿಸಿದ್ದಾರೆ. ಅದರ ಮೇಲೆ ನಿಲ್ಲಿಸಿ ಅಳೆದಾಗ ಝೆನ್‌ನ ಹಿಂಭಾಗ ಎಡಕ್ಕೂ ಬಲಕ್ಕೂ ಒಂದೇ ಸಮನೆ ಇಳಿದಿತ್ತು. ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿದ ಮೆಕ್ಯಾನಿಕ್ ನಕ್ಕುಬಿಟ್ಟ: "ಸಾರ್, ನಿಮಗೆ ಮಾರಿದೋನು ಸ್ಪ್ರಿಂಗ್ ಕಟ್ ಮಾಡ್ಸಿದಾನೆ. ಸ್ಟೈಲಿಗೆ."

ಇಲ್ಲಿ ಸ್ಪ್ರಿಂಗಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಳೆಯದಾದ ಸ್ಪ್ರಿಂಗ್ ಮೆತ್ತಗಾಗುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ನಿಜವಾಗಿ ಅದು ಮೆತ್ತಗಾಗುವುದಿಲ್ಲ, ಗಿಡ್ಡವಾಗುತ್ತದೆ. ಸ್ಪ್ರಿಂಗಿನ ಬಿಗಿ ನಿರ್ಧಾರವಾಗುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆ ಮತ್ತು ಉಕ್ಕಿನ ಗುಣದಿಂದ. ವರ್ಷ ಕಳೆದರೂ ಈ ನಾಲ್ಕು ಹೆಚ್ಚೂಕಡಿಮೆ ಹಾಗೇ ಇರುತ್ತವೆ. ಆದರೆ ದಿನರಾತ್ರಿ ಭಾರ ಹೊತ್ತು ಹೊತ್ತು ಉಕ್ಕು ಕೂದಲೆಳೆಯಷ್ಟು ಕೂದಲೆಳೆಯಷ್ಟು ಶಾಶ್ವತವಾಗಿ ಕುಗ್ಗುತ್ತದೆ. ಗಾಡಿ ಕೆಳಗಿಳಿದಂತೆ ಆಕ್ಸಲ್ಲಿಗೂ ಬಾಡಿಗೂ ನಡುವಿನ ರಬ್ಬರ್ ಬಂಪ್ ಹತ್ತಿರವಾಗುತ್ತದೆ. ಟರ್ನರ್ ಸಾಹೇಬರು ಕೇಳುತ್ತಿದ್ದ 'ಧಡ್' ಇದೇ: ಸ್ಪ್ರಿಂಗಿಗೆ ಆಡಲು ಜಾಗವಿಲ್ಲದೆ ಆಕ್ಸಲ್ ಹೋಗಿ ರಬ್ಬರಿಗೆ ಹೊಡೆಯುವ ಸದ್ದು. ಹೊಸ ಶಾಕ್ ಅಬ್ಸಾರ್ಬರ್ ಹಾಕಿದ್ದರೂ ಅದು ನಿಲ್ಲುತ್ತಿರಲಿಲ್ಲ. ಶಾಕ್ ಅಬ್ಸಾರ್ಬರಿನ ಕೆಲಸ ಕುಣಿತ ತಡೆಯುವುದು. ಭಾರ ಹೊರುವುದು ಸ್ಪ್ರಿಂಗೇ.

ಕತ್ತರಿಸಿದ ಸ್ಪ್ರಿಂಗಿನ ಕಥೆ ಇನ್ನೂ ಕೆಟ್ಟದು. ಆರು ಸುರುಳಿ ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ಶೇ 20ರಷ್ಟು ಗಡುಸಾಗುತ್ತದೆ. ಗಾಡಿ ಕೆಳಗೂ ಇಳಿಯಿತು, ಸವಾರಿ ಒರಟೂ ಆಯಿತು. ಗ್ಯಾಸ್ ಕಟಿಂಗಿನಲ್ಲಿ ಕತ್ತರಿಸಿದರಂತೂ ಆ ಶಾಖಕ್ಕೆ ತುದಿಯ ಉಕ್ಕಿನ ಹದವೇ ಕೆಡುತ್ತದೆ. ಇದಕ್ಕಿಂತ ಹೆಚ್ಚಿನ ಅಪಾಯವೊಂದಿದೆ: ದೊಡ್ಡ ಗುಂಡಿ ದಾಟುವಾಗ ಚಕ್ರ ಪೂರ್ತಿ ಕೆಳಗೆ ಜೋತುಬಿದ್ದರೆ, ಗಿಡ್ಡ ಸ್ಪ್ರಿಂಗ್ ಸಡಿಲಗೊಂಡು ಕೂತ ಜಾಗದಿಂದ ಜಾರಬಹುದು.

ಮರುದಿನ ಕೆಲಸ ಶುರುವಾಯಿತು. ಮುಂದಿನ ಚಕ್ರಗಳಿಗೆ ಕಲ್ಲು, ಮೊದಲನೇ ಗೇರು. ಹಿಂದಿನ ವ್ಹೀಲ್ ನಟ್ಟುಗಳನ್ನು ಗಾಡಿ ನೆಲದಲ್ಲಿರುವಾಗಲೇ ಸಡಿಲಿಸಿ, ಬಾಡಿಯನ್ನು ಎತ್ತಿ ಎರಡು ಕಡೆ ಸ್ಟ್ಯಾಂಡ್ ಕೊಟ್ಟರು. ಬರೀ ಜಾಕಿ ನಂಬಿ ಯಾರೂ ಗಾಡಿಯ ಕೆಳಗೆ ಹೋಗಲಿಲ್ಲ. ಹಿಂದಿನ ಸಂಜೆಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರಿಂದ ಸ್ಪ್ಯಾನರ್ ಹಿಡಿದ ಕೂಡಲೇ 'ಕಟಕ್' ಎಂದು ಬಿಟ್ಟುಕೊಂಡವು. ಝೆನ್‌ನ ಹಿಂದೆ ಒಂದೇ ಗಟ್ಟಿ ಆಕ್ಸಲ್. ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಆಕ್ಸಲ್ಲಿನ ಕೆಳಗೆ ಟ್ರಾಲಿ ಜಾಕಿ ಕೊಟ್ಟು, ಎರಡೂ ಕಡೆಯ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಅಡ್ಡ ರಾಡನ್ನೂ ಕಳಚಿದರು. ಐಟಿಐ ಮುಗಿಸಿ ಸೇರಿದ ಹುಡುಗನೊಬ್ಬ ಬ್ರೇಕ್ ಹೋಸ್ ಮೇಲೆ ಕಣ್ಣಿಟ್ಟು ಕೂತ. "ಹೋಸ್ ಎಳೀತಾ ಇದ್ರೆ ಕೂಗೋ" ಎನ್ನುತ್ತ ಮೆಕ್ಯಾನಿಕ್ ಜಾಕಿಯನ್ನು ಇಷ್ಟಿಷ್ಟೇ ಇಳಿಸಿದ. ಸ್ಪ್ರಿಂಗ್ ಕೈಗೇ ಬಂತು.

ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಪಕ್ಕಪಕ್ಕ ನಿಲ್ಲಿಸಿದರು. ಹಳೆಯದು ಎರಡು ಬೆರಳಿಗಿಂತ ಹೆಚ್ಚು ಗಿಡ್ಡ. ಕೆಳತುದಿಯಲ್ಲಿ ಗ್ಯಾಸ್ ಜ್ವಾಲೆ ಕರಗಿಸಿದ ಒರಟು ಗಂಟು. ಆ ಗಂಟು ಕೂತಿದ್ದ ರಬ್ಬರ್ ಸೀಟು ಅಷ್ಟುದ್ದಕ್ಕೂ ಸೀಳಿತ್ತು. ನಿವೃತ್ತ ಟರ್ನರ್ ಅಂಗಿಯ ಜೇಬಿನಿಂದ ಸಣ್ಣ ವರ್ನಿಯರ್ ತೆಗೆದು ಎರಡರ ತಂತಿಯ ದಪ್ಪವನ್ನೂ ಅಳೆದರು. ಅದು ಸುಮ್ಮನೆ ಚಾಳಿಯಲ್ಲ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ: ದಪ್ಪ ಶೇ 10ರಷ್ಟು ಹೆಚ್ಚಾದರೆ ಬಿಗಿ ಶೇ 46ರಷ್ಟು ಹೆಚ್ಚುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ 'ಇದೂ ಕೂರುತ್ತೆ, ತಗೊಳ್ಳಿ' ಎಂದು ಕೊಟ್ಟದ್ದನ್ನೆಲ್ಲ ತರಬಾರದು ಎನ್ನುವುದು ಇದಕ್ಕೇ. ಮಾದರಿ, ತಯಾರಾದ ವರ್ಷ, ಪಾರ್ಟ್ ನಂಬರ್ ಮೂರೂ ತಾಳೆಯಾಗಬೇಕು.

ಹೊಸ ರಬ್ಬರ್ ಸೀಟು ಇಟ್ಟು, ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗುವಂತೆ ತಿರುಗಿಸಿ ಕೂರಿಸಿದರು. ಎಡ-ಬಲ ಎರಡನ್ನೂ ಒಟ್ಟಿಗೇ ಬದಲಿಸಿದರು; ಒಂದೇ ಕಡೆ ಹಾಕಿದರೆ ಗಾಡಿ ವಾಲಿಕೊಂಡು ನಿಲ್ಲುತ್ತದೆ. ಬೋಲ್ಟುಗಳನ್ನು ಕೈಬಿಗಿಗೆ ಮಾತ್ರ ತಿರುವಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಹಿಂಭಾಗವನ್ನು ನಾಲ್ಕಾರು ಸಲ ಒತ್ತಿ ಕುಣಿಸಿ, ಆಮೇಲೆ ಕೊನೆಯ ಬಿಗಿ ಕೊಟ್ಟರು. ಅವಸರದ ಗ್ಯಾರೇಜುಗಳು ತಪ್ಪುವುದು ಇಲ್ಲೇ. ಚಕ್ರ ಜೋತಾಡುವಾಗಲೇ ಬುಷ್‌ಗಳ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕೆ ಬಂದಾಗ ಅದರೊಳಗಿನ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ.

ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಈ ದಾರಿ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಓಮ್ನಿಗಳ ಹಿಂದೆ ಇರುವುದು ಲಾರಿಯವರು 'ಪಾಟಾ' ಎನ್ನುವ ಪಟ್ಟಿ ಸ್ಪ್ರಿಂಗು. ಪಾಟಾದವರು ಯು-ಬೋಲ್ಟ್, ಸೆಂಟರ್ ಬೋಲ್ಟ್ ಬಿಚ್ಚಿ, ಪ್ಲೇಟುಗಳನ್ನು ಒಂದೊಂದಾಗಿ ಬಡಿದು ಮತ್ತೆ ಬಾಗು ಕೊಡುತ್ತಾರೆ, ಮುರಿದ ಪ್ಲೇಟಿದ್ದರೆ ಬದಲಿಸುತ್ತಾರೆ. ಹಾಗೆ ಕೊಟ್ಟ ಬಾಗು ಹೊಸದರಷ್ಟು ಕಾಲ ನಿಲ್ಲುವುದಿಲ್ಲ. ಆದರೆ ಹೊಸ ಸೆಟ್ ಸಿಗದ ಗಾಡಿಗೆ ಬೇರೆ ದಾರಿಯೂ ಇಲ್ಲ.

ಸ್ಪ್ರಿಂಗಿಗೆ ಈ ಬಡಾವಣೆಯ ರಸ್ತೆಗಳೇ ಪರೀಕ್ಷೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪ್ ಎಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಕುಲುಕದೆ ದಾಟುವಂತಿರಬೇಕು. ಅಡ್ಡರಸ್ತೆಗಳಲ್ಲಿ ಮನೆ ಮುಂದೆ ಗುಪ್ಪೆ ಹಾಕಿಸಿದ ಹಂಪುಗಳಿಗೆ ಆ ಅಗಲದ ಕಾಲು ಭಾಗವೂ ಇರುವುದಿಲ್ಲ. ಮಳೆಯದ್ದು ಇನ್ನೊಂದು ಪರೀಕ್ಷೆ. 2017ರ ಅಕ್ಟೋಬರ್‌ನಲ್ಲಿ ಇಲ್ಲಿಯ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದನ್ನು ಬಡಾವಣೆ ಮರೆತಿಲ್ಲ. ತಗ್ಗಿನಲ್ಲಿ ನಿಲ್ಲಿಸಿದ ಗಾಡಿಗಳ ಸ್ಪ್ರಿಂಗ್ ಸೀಟಿನಲ್ಲಿ ಕೆಸರು ನೀರು ನಿಂತರೆ ಅಲ್ಲೇ ತುಕ್ಕು ಹಿಡಿಯುತ್ತದೆ, ಸ್ಪ್ರಿಂಗ್ ತುಂಡಾಗುವುದು ಬಹಳ ಸಲ ಆ ತುಕ್ಕಿನ ಗುಳಿಯಿಂದಲೇ.

ಕುಗ್ಗಿದ ಹಿಂಭಾಗದ ತೊಂದರೆ ಸವಾರಿಗಷ್ಟೇ ನಿಲ್ಲುವುದಿಲ್ಲ. ಹಿಂದೆ ಇಳಿದರೆ ಮೂತಿ ಏರುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆನ್ನುವುದನ್ನು ಆಕ್ಸಲ್ ಮತ್ತು ಬಾಡಿಯ ನಡುವಿನ ಅಂತರ ನೋಡಿಯೇ ಒಂದು ವಾಲ್ವ್ ತೀರ್ಮಾನಿಸುತ್ತದೆ. ಎತ್ತರ ತಪ್ಪಿದರೆ ಆ ಲೆಕ್ಕವೂ ತಪ್ಪುತ್ತದೆ. ಇನ್ನು ಬೇಕೆಂದೇ ಇಳಿಸುವವರಿಗೆ ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು.

ನಿಮ್ಮ ಹಳೆಯ ಕಾರನ್ನು ಎಫ್‌ಸಿಗೆ ಒಯ್ಯುವ ಮೊದಲು ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್ಗಾರ್ಡಿಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಡಿ. ಎಲ್‌ಪಿಜಿ ಟ್ಯಾಂಕ್ ಹೊತ್ತ ಗಾಡಿಯಾದರೆ ಇನ್ನೂ ಜಾಗ್ರತೆ. ಆ ಭಾರ ಸದಾ ಹಿಂದಿನ ಸ್ಪ್ರಿಂಗಿನ ಮೇಲೇ ಇರುತ್ತದೆ. ಎಡ-ಬಲಕ್ಕೆ ವ್ಯತ್ಯಾಸವಿದ್ದರೆ, ಅಥವಾ ಮನೆಯವರೆಲ್ಲ ಕೂತಾಗ ಹಿಂಭಾಗ ಬಂಪ್ ರಬ್ಬರಿಗೆ ತಾಗುವಂತಿದ್ದರೆ, ಸ್ಪ್ರಿಂಗ್ ಜೋಡಿ ಬದಲಿಸಿ. ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರು ದುಡ್ಡು ಉಳಿಸುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ತಡೆದ ಸುರುಳಿ ಕುಗ್ಗಬೇಕಾದಷ್ಟನ್ನೂ ಉಳಿದ ಸುರುಳಿಗಳೇ ಕುಗ್ಗಬೇಕಾಗುತ್ತದೆ. ಹಾಗೆಯೇ, ಕೊನೆಯ ಬಿಗಿಯನ್ನು ಗಾಡಿ ನೆಲದ ಮೇಲಿರುವಾಗಲೇ ಕೊಡಿ ಎಂದು ನಿಮ್ಮ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ.