ಕಡಲ ತಳದ ಕೆಸರಿನಲ್ಲಿ ಮಳೆಯ ಪಂಚಾಂಗ

ದೀಪಾವಳಿಯ ಜಾತ್ರೆಗೆಂದು ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟವನ್ನು ಏರುವ ಯಾತ್ರಿಕರು ಹಿಂಗಾರು ಮಳೆಗೆ ಸಿಕ್ಕುವುದುಂಟು. ಆ ಮಳೆಯ ನೀರು ಬೆಟ್ಟದ ಮಣ್ಣನ್ನು ಕೊಚ್ಚಿಕೊಂಡು ಪಾಲಾರಿಗೆ ಇಳಿಯುತ್ತದೆ; ಪಾಲಾರು ಕಾವೇರಿಯನ್ನು ಸೇರುತ್ತದೆ, ಕಾವೇರಿಯು ಬಂಗಾಳ ಕೊಲ್ಲಿಯನ್ನು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಂದಿನಿಂದ ಈ ಮಣ್ಣಿನ ಹೆಚ್ಚಿನ ಪಾಲು ಅಲ್ಲಿಯ ಜಲಾಶಯದಲ್ಲಿಯೇ ತಂಗುತ್ತಿದೆ. ಅದಕ್ಕೆ ಮುಂಚೆ ಸಹಸ್ರಾರು ವರ್ಷಗಳ ಕಾಲ ಅದು ತಡೆಯಿಲ್ಲದೆ ಕಡಲಿಗೆ ಹೋಗುತ್ತಿದ್ದಿತು.

ಹತ್ತು ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಮಳೆ ಹೇಗಿದ್ದಿತು? ಬೆಟ್ಟದ ಬಂಡೆಯನ್ನು ಕೇಳಿ ಫಲವಿಲ್ಲ. ಮಳೆಯು ಅದನ್ನು ಸವೆಸಿದೆಯೇ ಹೊರತು ಅದರ ಮೇಲೆ ಲೆಕ್ಕ ಬರೆದಿಟ್ಟಿಲ್ಲ. ಲೆಕ್ಕವಿರುವುದು ಕಡಲ ತಳದಲ್ಲಿ. ಅದು ಒಂದು ಬೆಟ್ಟದ ಮಳೆಯ ಲೆಕ್ಕವಲ್ಲ, ವಿಶಾಲ ಪ್ರದೇಶದ ಮುಂಗಾರಿನದು.

ಕಡಲಿನಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಿವೆ. ಅವುಗಳ ಸುಣ್ಣದ ಚಿಪ್ಪು ಮರಳಿನ ಕಣದಷ್ಟು ಚಿಕ್ಕದು. ಮಳೆಯ ನೀರಿನಲ್ಲಿ ಭಾರವಾದ ಆಮ್ಲಜನಕ-18 ಕಡಲ ನೀರಿನಲ್ಲಿರುವುದಕ್ಕಿಂತ ಕಡಿಮೆ. ಆದುದರಿಂದ ಮುಂಗಾರು ಬಲವಾಗಿ, ನದಿಗಳು ತುಂಬಿ ಹರಿದಾಗ ಕೊಲ್ಲಿಯ ಮೇಲ್ಪದರದ ಚಿಪ್ಪುಗಳಲ್ಲಿಯೂ ಅದು ಕಡಿಮೆಯಾಗುತ್ತದೆ. ನೀರಿನ ಉಷ್ಣತೆಯೂ ಈ ಪ್ರಮಾಣವನ್ನು ಬದಲಿಸುವುದರಿಂದ, ಚಿಪ್ಪಿನ ಮೆಗ್ನೀಸಿಯಮ್ಮನ್ನು ಅಳೆದು ಉಷ್ಣತೆಯ ಪಾಲನ್ನು ಕಳೆಯುತ್ತಾರೆ. ಜೀವಿಗಳು ಸತ್ತ ಮೇಲೆ ಚಿಪ್ಪುಗಳು ತಳಕ್ಕಿಳಿದು ಪದರಪದರವಾಗಿ ಸಂಚಯಿಸುತ್ತವೆ.

ಆದರೆ ತೇದಿಯಿಲ್ಲದ ಲೆಕ್ಕದಿಂದ ಏನು ಪ್ರಯೋಜನ? ಪದರದ ವಯಸ್ಸು ತಿಳಿಯದಿದ್ದರೆ ಕಾರಣ ಯಾವುದು, ಕಾರ್ಯ ಯಾವುದು ಎಂಬುದೇ ತಿರುಗುಮುರುಗಾದೀತು.

ವಯಸ್ಸನ್ನು ತಿಳಿಸುವ ಮೊದಲ ಗಡಿಯಾರ ವಿಕಿರಣಶೀಲ ಇಂಗಾಲ-14. ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಇದು ನೀರಿಗೂ, ನೀರಿನಿಂದ ಚಿಪ್ಪಿಗೂ ಸೇರುತ್ತದೆ. ಜೀವಿ ಸತ್ತ ಮೇಲೆ ಹೊಸ ಪೂರೈಕೆಯಿಲ್ಲ; 5,730 ವರ್ಷಗಳಲ್ಲಿ ಅರ್ಧ, 11,460 ವರ್ಷಗಳಲ್ಲಿ ಕಾಲುಭಾಗ ಮಾತ್ರ ಉಳಿಯುತ್ತದೆ. ಕಡಲ ನೀರಿನ ಇಂಗಾಲ ಗಾಳಿಯದಕ್ಕಿಂತ ಹಳೆಯದಾದುದರಿಂದ ಇಂದಿನ ಚಿಪ್ಪೂ ನೂರಾರು ವರ್ಷದ್ದೆಂಬಂತೆ ತೋರುತ್ತದೆ, ಅಷ್ಟನ್ನು ಕಳೆಯಲೇಬೇಕು. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಇಂಗಾಲ-14 ಉಳಿಯುವುದಿಲ್ಲ.

ಅಲ್ಲಿಂದಾಚೆಗೆ ಬೇರೆ ಗುರುತುಗಳು ಬೇಕು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿ ಕೊಲ್ಲಿಯ ತಳದಲ್ಲಿ ಒಂದು ಪದರವಾಗಿ ಕುಳಿತಿದೆ. ಇನ್ನೂ ಕೆಳಗೆ, ಸುಮಾರು 7.8 ಲಕ್ಷ ವರ್ಷಗಳ ಹಿಂದೆ ಭೂಮಿಯ ಕಾಂತಧ್ರುವಗಳು ಅದಲುಬದಲಾದುದನ್ನು ಕೆಸರಿನ ಕಾಂತೀಯ ಕಣಗಳು ದಾಖಲಿಸಿವೆ.

ಇಂತಹ ತೇದಿಗಳಿಂದ ತಿಳಿದುದೇನು? 20,000 ವರ್ಷಗಳ ಹಿಂದೆ, ಹಿಮಯುಗದ ಪರಮಾವಧಿಯಲ್ಲಿ, ಮುಂಗಾರು ಇಂದಿಗಿಂತ ಕ್ಷೀಣವಾಗಿದ್ದಿತು. 9,000 ವರ್ಷಗಳ ಹಿಂದೆ ಇಂದಿಗಿಂತ ಪ್ರಬಲವಾಗಿದ್ದಿತು. ಆಗ ಭೂಮಿಯು ಸೂರ್ಯನಿಗೆ ಅತಿ ಸಮೀಪ ಬರುತ್ತಿದ್ದುದು ಜುಲೈ ತಿಂಗಳ ಸುಮಾರಿಗೆ, ಈಗ ಜನವರಿಯಲ್ಲಿ.

2014ರ ನವೆಂಬರಿನಿಂದ 2015ರ ಜನವರಿಯವರೆಗೆ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಬಂಗಾಳ ಕೊಲ್ಲಿ ಮತ್ತು ಅಂಡಮಾನ್ ಸಮುದ್ರಗಳ ತಳವನ್ನು ಕೊರೆಯಿತು. ಮಹಾನದಿಯ ಮುಖದಾಚೆ ದೊರೆತ ಕೆಸರನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನವು 9 ಲಕ್ಷ ವರ್ಷಗಳ ಚರಿತ್ರೆಯನ್ನು ಹೇಳುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದಾಗ, ಭೂಖಂಡಗಳ ಹಿಮ ತಗ್ಗಿದಾಗ, ದಕ್ಷಿಣ ಗೋಳಾರ್ಧದಿಂದ ಹೆಚ್ಚು ತೇವ ಬಂದಾಗ ಮುಂಗಾರು ಬಲಗೊಂಡಿತ್ತು. ಇಂದು ಆ ಅನಿಲವನ್ನು ಹೆಚ್ಚಿಸುತ್ತಿರುವವರು ನಾವೇ.

ಹಾಗೆಂದು ಹನೂರಿನ ಒಣಭೂಮಿಯಲ್ಲಿ ರಾಗಿ ಬಿತ್ತುವ ರೈತನಿಗೆ ಇದರಿಂದ ನೆಮ್ಮದಿಯೆಂದು ವಾಚಕರು ತಿಳಿಯಬಾರದು. ತಳದ ಹುಳುಗಳು ಕೆಸರಿನ ಮೇಲಿನ ಕೆಲವು ಅಂಗುಲಗಳನ್ನು ಸದಾ ಕಲಕುವುದರಿಂದ ಅದರಲ್ಲಿ ಬಿಡಿ ವರ್ಷಗಳು ಅಳಿಸಿಹೋಗಿ, ದೀರ್ಘಕಾಲದ ಸರಾಸರಿ ಮಾತ್ರ ಉಳಿಯುತ್ತದೆ. ಒಟ್ಟು ಮಳೆ ಹೆಚ್ಚಿದರೂ ಅದು ಹದಕ್ಕೆ ಬೀಳುವುದೇ, ಇಲ್ಲವೆ ಒಂದೇ ದಿನ ಸುರಿದು ಮಣ್ಣನ್ನು ಕೊಚ್ಚುವುದೇ ಎಂಬುದನ್ನು ಈ ಪಂಚಾಂಗ ಹೇಳಲಾರದು. ಗಾಳಿ ಬದಲಾದರೆ ಮಳೆಯೂ ಬದಲಾಗುತ್ತದೆ ಎಂಬುದನ್ನು ಮಾತ್ರ ಅದು ತೇದಿಸಹಿತ ತೋರಿಸಿಕೊಟ್ಟಿದೆ.